ಬೆಳ್ಳಿಯೋ ಗಿಲೀಟೋ? ತಳದ ಮುದ್ರೆಯಲ್ಲಿದೆ ಉತ್ತರ

ಹರಾಜಿನಲ್ಲೋ ಹಳೆಯ ಸಾಮಾನಿನ ಅಂಗಡಿಯಲ್ಲೋ ದೊರೆಯುವ ಇಂಗ್ಲೆಂಡಿನ ಚಮಚ, ಫೋರ್ಕು, ಟೀ ಪಾತ್ರೆಗಳ ತಳದಲ್ಲಿ ಸಾಲಾಗಿ ನಾಲ್ಕೈದು ಸಣ್ಣ ಮುದ್ರೆಗಳಿರುತ್ತವೆ. ಅವನ್ನು ಕಂಡೊಡನೆ ಅಪ್ಪಟ ಬೆಳ್ಳಿಯೆಂದು ನಂಬಿ ತೂಕದ ಬೆಲೆ ತೆರುವವರುಂಟು. ಗಿಲೀಟೆಂದು ಬಗೆದು ನಿಜವಾದ ಬೆಳ್ಳಿಯನ್ನೇ ಗುಜರಿಗೆ ಹಾಕುವವರೂ ಉಂಟು.

ಮೊದಲು ಹುಡುಕಬೇಕಾದುದು ಸಿಂಹವನ್ನು. ಮುಂಗಾಲೊಂದನ್ನೆತ್ತಿ ಎಡಕ್ಕೆ ನಡೆಯುವ ಸಿಂಹವು ಶೇ. 92.5 ಶುದ್ಧತೆಯ ಇಂಗ್ಲಿಷ್ ಸ್ಟರ್ಲಿಂಗ್ ಬೆಳ್ಳಿಯ ಗುರುತು. ಅದರ ಪಕ್ಕದಲ್ಲಿ ಪರೀಕ್ಷೆ ನಡೆದ ಊರಿನ ಚಿಹ್ನೆ ಇರುತ್ತದೆ: ಲಂಡನ್ನಿಗೆ ಚಿರತೆಯ ತಲೆ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಷೆಫೀಲ್ಡಿಗೆ 1974ರವರೆಗೆ ಕಿರೀಟ, ಅನಂತರ ಗುಲಾಬಿ.

ಲೇಪಿತ ಸಾಮಾನಿನಲ್ಲಿ ಸಿಂಹವಿಲ್ಲ. ಆದರೆ ತಯಾರಕರು ಇ, ಪಿ, ಎನ್, ಎಸ್ ಎಂಬ ಅಕ್ಷರಗಳನ್ನು ಒಂದೊಂದು ಪುಟ್ಟ ಗುರಾಣಿಯೊಳಗೆ ಅಲಂಕಾರಿಕ ಲಿಪಿಯಲ್ಲಿ ಅಚ್ಚೊತ್ತುತ್ತಿದ್ದರು. ಸವೆದ ಮೇಲೆ ಅವು ಹಾಲ್‌ಮಾರ್ಕಿನಂತೆಯೇ ಕಾಣುತ್ತವೆ. ಈ ಹೋಲಿಕೆ ಆಕಸ್ಮಿಕವೆನ್ನುವುದು ಕಷ್ಟ. ಇದರ ವಿಸ್ತರಣೆ ‘ಎಲೆಕ್ಟ್ರೋಪ್ಲೇಟೆಡ್ ನಿಕ್ಕಲ್ ಸಿಲ್ವರ್’. ನಿಕ್ಕಲ್ ಸಿಲ್ವರ್ ಎಂದರೆ ನಮ್ಮಲ್ಲಿ ಜರ್ಮನ್ ಸಿಲ್ವರ್ ಎಂದು ಹೆಸರಾದ ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ. ಹೆಸರಲ್ಲದೆ ಅದರಲ್ಲಿ ಬೆಳ್ಳಿಯ ಅಂಶವೇ ಇಲ್ಲ. ‘ಇ.ಪಿ.ಬಿ.ಎಂ.’ ಎಂದಿದ್ದರೆ ಒಳಗಿರುವುದು ತವರ ಪ್ರಧಾನವಾದ ಬ್ರಿಟಾನಿಯಾ ಲೋಹ. ಅಂತಹ ಪಾತ್ರೆಯನ್ನು ಒಲೆಯ ಮೇಲಿಡಲಾಗದು, ಕರಗೀತು. ‘ಎ1’ ಎಂಬುದು ಲೇಪನದ ಗುಣಮಟ್ಟದ ಬಗ್ಗೆ ತಯಾರಕರೇ ಕೊಟ್ಟುಕೊಂಡ ಪ್ರಶಸ್ತಿ.

ವಿದ್ಯುತ್ ಲೇಪನಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಬಂಧುಗಳು ಪೇಟೆಂಟ್ ಪಡೆದದ್ದು 1840ರಲ್ಲಿ. ಆದುದರಿಂದ ಇ.ಪಿ.ಎನ್.ಎಸ್. ಮುದ್ರೆಯ ಚಮಚ 18ನೇ ಶತಮಾನದ್ದೆಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಅದಕ್ಕೂ ಹಿಂದೆ ಇದ್ದುದು ಷೆಫೀಲ್ಡಿನ ಥಾಮಸ್ ಬೌಲ್ಸೋವರ್ 1740ರ ದಶಕದಲ್ಲಿ ಕಂಡುಹಿಡಿದ, ತಾಮ್ರಕ್ಕೆ ಬೆಳ್ಳಿಯ ತಗಡನ್ನು ಬೆಸೆದು ಲಟ್ಟಿಸುವ ವಿಧಾನ. ಸವೆದ ಅಂಚುಗಳಲ್ಲಿ ಕೆಂಪು ತಾಮ್ರ ಇಣುಕುವುದು ಇದರ ಲಕ್ಷಣ. ಈ ಸಾಮಾನಿನಲ್ಲಿ ಬಹಳಷ್ಟಕ್ಕೆ ಮುದ್ರೆಯೇ ಇಲ್ಲ. ‘ಷೆಫೀಲ್ಡ್ ಪ್ಲೇಟ್’ ಎಂಬ ಪದಗಳನ್ನೇ ಒತ್ತಿದ್ದರೆ ಅದು ಸಾಮಾನ್ಯವಾಗಿ ಅನಂತರದ ವಿದ್ಯುತ್ ಲೇಪಿತ ಸರಕು.

ಕಾಲನಿರ್ಣಯಕ್ಕೆ ಎಲ್ಕಿಂಗ್ಟನ್ ಸಂಸ್ಥೆಯ ಸಾಮಾನು ಅನುಕೂಲಕರ. ತಯಾರಾದ ವರ್ಷವನ್ನು ಸೂಚಿಸುವ ಗುರುತನ್ನು ಅದು ಒತ್ತುತ್ತಿತ್ತು. ವಾಕರ್ ಅಂಡ್ ಹಾಲ್ ಸಂಸ್ಥೆಯದು ಪತಾಕೆಯೊಳಗಿನ ಹೆಸರಕ್ಷರಗಳು, ಜೇಮ್ಸ್ ಡಿಕ್ಸನ್ ಸಂಸ್ಥೆಯದು ತುತ್ತೂರಿ.

ಹೆಚ್ಚು ಮಂದಿ ಮೋಸಹೋಗುವುದು ಅಂಕಿಗಳಲ್ಲಿ. ಅಮೆರಿಕದ ‘1847 ರೋಜರ್ಸ್ ಬ್ರದರ್ಸ್’ ಮುದ್ರೆಯಲ್ಲಿರುವ ಇಸವಿ ಚಮಚ ತಯಾರಾದ ವರ್ಷವಲ್ಲ, ಬ್ರ್ಯಾಂಡಿನ ಹೆಸರಿನ ಭಾಗ. 20ನೇ ಶತಮಾನದ ಚಮಚಗಳಲ್ಲೂ ಅದಿದೆ. ಜರ್ಮನಿಯ ಚಮಚಗಳ ಮೇಲಿನ ‘90’ ಶುದ್ಧತೆಯ ಶೇಕಡಾವಾರು ಅಲ್ಲ, ನಿಗದಿತ ಪ್ರಮಾಣದ ಸಾಮಾನಿಗೆ ಬಳಸಿದ ಬೆಳ್ಳಿಯ ಗ್ರಾಂ ಲೆಕ್ಕ. ಫ್ರಾನ್ಸಿನ ಕ್ರಿಸ್ಟೋಫ್ಲ್ ಸಂಸ್ಥೆಯ ‘84’ ಕೂಡ ಗ್ರಾಂ ಲೆಕ್ಕವೇ. ಆದರೆ ಹಳೆಯ ರಷ್ಯಾದ ಮುದ್ರೆಯಲ್ಲಿ ಅದೇ 84 ಎಂದರೆ ಶೇ. 87.5ರ ಅಪ್ಪಟ ಬೆಳ್ಳಿ. ಜರ್ಮನಿಯ ‘800’ ಸಹ ಗಟ್ಟಿ ಬೆಳ್ಳಿಯ ಗುರುತೇ. ಹೀಗಾಗಿ ಅಂಕಿಯೊಂದನ್ನೇ ಓದದೆ ಪಕ್ಕದ ಚಿಹ್ನೆಯನ್ನೂ ಭೂತಗನ್ನಡಿಯಲ್ಲಿ ನೋಡುವುದು ಅಗತ್ಯ.

ಒರೆಗಲ್ಲಿನ ಮೇಲೆ ಹಗುರವಾಗಿ ಉಜ್ಜಿದರೆ ಲೇಪನವೂ ಬೆಳ್ಳಿಯೆಂದೇ ತೋರುತ್ತದೆ. ಚಮಚದ ಬೆನ್ನಿನಂತಹ ಸವೆದ ಜಾಗವನ್ನು ಪರೀಕ್ಷಿಸುವಂತೆ ಅಕ್ಕಸಾಲಿಗರಿಗೆ ಹೇಳಬೇಕು. ಮತ್ತೆ ಲೇಪನ ಮಾಡಿಸುವ ಯೋಚನೆಯಿದ್ದರೆ ಮೊದಲೇ ಮುದ್ರೆಗಳ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಒಳಿತು. ಮೆರುಗು ಕೊಡುವ ಯಂತ್ರಕ್ಕೆ ಸಿಕ್ಕಿದ ಮುದ್ರೆ ಅಳಿಸಿಹೋಗಬಹುದು.