ಹೊಗೆ ಒಲೆಗಾಗಿ ಬಳಸಿದ ಉಕ್ಕಿನ ಡ್ರಮ್ಮಿನ ಆಯ್ಕೆ ಮತ್ತು ಶುದ್ಧೀಕರಣ: ಸಾರ್ವಜನಿಕರ ಮಾಹಿತಿಗಾಗಿ

ಮೀನು, ಕೋಳಿ ಹಾಗೂ ಹಂದಿಮಾಂಸವನ್ನು ಇದ್ದಿಲಿನ ಮಂದ ಶಾಖ ಮತ್ತು ಕಟ್ಟಿಗೆಯ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆಯನ್ನು 200 ಲೀಟರ್ ಸಾಮರ್ಥ್ಯದ ಹಳೆಯ ಉಕ್ಕಿನ ಡ್ರಮ್ಮಿನಿಂದ ಮನೆಯಲ್ಲಿಯೇ ತಯಾರಿಸಿಕೊಳ್ಳುವ ಪದ್ಧತಿಯು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪ್ರಚಲಿತವಾಗಿದೆ. ನಮ್ಮ ರಾಜ್ಯದ ತೋಟದ ಮನೆಗಳಲ್ಲಿ ಹಾಗೂ ಹೋಂಸ್ಟೇಗಳಲ್ಲಿಯೂ ಇಂತಹ ಒಲೆಗಳು ಕಾಣಸಿಗುತ್ತವೆ. ಒಲೆಯ ನಿರ್ಮಾಣವು ಸುಲಭವಾಗಿದ್ದು, ಸಾಧಾರಣ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ದಿನದೊಳಗೆ ಪೂರ್ಣಗೊಳ್ಳುತ್ತದೆ. ಆದರೆ ಡ್ರಮ್ಮನ್ನು ಆರಿಸುವಲ್ಲಿ ಹಾಗೂ ಶುದ್ಧೀಕರಿಸುವಲ್ಲಿ ತೋರುವ ಉದಾಸೀನವು ಪ್ರಾಣಾಪಾಯಕ್ಕೆ ಕಾರಣವಾಗಬಹುದಾದ್ದರಿಂದ, ಪ್ರಸ್ತುತ ಮಾಹಿತಿಯು ಮುಖ್ಯವಾಗಿ ಆ ಎರಡು ವಿಷಯಗಳಿಗೆ ಸಂಬಂಧಿಸಿದೆ.

ಡ್ರಮ್ಮಿನ ಸ್ವರೂಪ

ಈ ಮಾದರಿಯ ಡ್ರಮ್ಮಿಗೆ 1905ರಲ್ಲಿ ಅಮೆರಿಕದಲ್ಲಿ ಹೆನ್ರಿ ವೆರ್‌ಹಾನ್ ಎಂಬುವರ ಹೆಸರಿನಲ್ಲಿ ಪೇಟೆಂಟ್ ದೊರೆಯಿತು. ಇವರು ಪ್ರಸಿದ್ಧ ಪತ್ರಕರ್ತೆ ನೆಲ್ಲಿ ಬ್ಲೈ ಅವರ ಕಾರ್ಖಾನೆಯ ನೌಕರರಾಗಿದ್ದರು. ಡ್ರಮ್ಮಿನ ಒಳವ್ಯಾಸ ಸುಮಾರು 57 ಸೆಂ.ಮೀ., ಎತ್ತರ ಸುಮಾರು 88 ಸೆಂ.ಮೀ. ಇರುತ್ತದೆ. ತಳದ ಬೆಂಕಿಗೂ ಮೇಲಿನ ಜಾಲರಿಗೂ ನಡುವೆ 60 ಸೆಂ.ಮೀ. ಅಂತರ ದೊರೆಯುವುದೇ ಇದರ ಅನುಕೂಲ.

ಡ್ರಮ್ಮುಗಳಲ್ಲಿ ಎರಡು ವಿಧಗಳಿವೆ. ಮುಚ್ಚಳವು ಖಾಯಂ ಆಗಿ ಮಡಿಸಲ್ಪಟ್ಟು, ಸುರಿಯುವ ರಂಧ್ರಗಳು ಮಾತ್ರ ಇರುವುದು ಒಂದು. ಮುಚ್ಚಳವನ್ನು ಬಿಗಿಪಟ್ಟಿಯಿಂದ ಕೂರಿಸಿ ತೆಗೆಯಬಹುದಾದದ್ದು ಇನ್ನೊಂದು. ಅಪಾಯಕಾರಿ ಸರಕಿನ ಸಾಗಣೆಗೆ ತಯಾರಾದ ಡ್ರಮ್ಮಿನ ಮೇಲೆ ಒತ್ತಿರುವ ಯು.ಎನ್. ಗುರುತಿನಲ್ಲಿ ಮೊದಲನೆಯದಕ್ಕೆ 1ಎ1 ಎಂದೂ ಎರಡನೆಯದಕ್ಕೆ 1ಎ2 ಎಂದೂ ಇರುತ್ತದೆ. ಈ ಗುರುತು ಡ್ರಮ್ಮಿನ ರಚನೆಯನ್ನು ತಿಳಿಸುತ್ತದೆಯೇ ಹೊರತು ಅದರಲ್ಲಿ ಏನಿತ್ತೆಂಬುದನ್ನು ತಿಳಿಸುವುದಿಲ್ಲ. ಹೊಗೆ ಒಲೆಗೆ ಎರಡನೆಯ ವಿಧವನ್ನೇ ಆರಿಸತಕ್ಕದ್ದು. ಇದಕ್ಕೆ ಮುಚ್ಚಳವನ್ನು ಕತ್ತರಿಸುವ ಪ್ರಮೇಯವೇ ಬರುವುದಿಲ್ಲ.

ಪೂರ್ವದಲ್ಲಿ ಏನಿತ್ತು?

ಖರೀದಿಗೆ ಮುನ್ನ ಕೇಳಬೇಕಾದ ಏಕೈಕ ಮುಖ್ಯ ಪ್ರಶ್ನೆ ಇದು. ಗುಜರಿ ಅಂಗಡಿಯಲ್ಲಿ "ಎಣ್ಣೆ ಡ್ರಮ್ಮು" ಎಂದರೆ ಖಾದ್ಯತೈಲದ್ದೂ ಆಗಬಹುದು, ಯಂತ್ರತೈಲದ್ದೂ ಆಗಬಹುದು. ಮಾರುವವರಿಗೂ ಅನೇಕ ವೇಳೆ ಅದು ತಿಳಿದಿರುವುದಿಲ್ಲ. ಹೊಸದಾಗಿ ಬಣ್ಣ ಬಳಿದು ಹಳೆಯ ಚೀಟಿಯನ್ನು ಮರೆಮಾಡಿದ ಡ್ರಮ್ಮನ್ನು ಕೊಳ್ಳಬಾರದು. ಕೀಟನಾಶಕ, ತಿನ್ನರ್, ಆಮ್ಲ, ರಾಳ, ಬಣ್ಣ ಅಥವಾ ಹೈಡ್ರಾಲಿಕ್ ತೈಲ ತುಂಬಿದ್ದ ಡ್ರಮ್ಮುಗಳನ್ನು ಎಷ್ಟೇ ಅಗ್ಗವಾಗಿ ದೊರೆತರೂ ನಿರಾಕರಿಸತಕ್ಕದ್ದು. ತಳದ ಮಡಿಕೆಯೊಳಗೆ ಇಳಿದ ದ್ರವವು ತೊಳೆದರೂ ಹೊರಬರುವುದಿಲ್ಲ. ಬಣ್ಣಗಳಲ್ಲಿರುವ ಸೀಸದಂತಹ ಲೋಹಗಳು ಸುಟ್ಟರೂ ನಾಶವಾಗುವುದಿಲ್ಲ. ಸತು ಲೇಪಿತ ಡ್ರಮ್ಮೂ ವರ್ಜ್ಯ: ಕಾದ ಸತುವಿನ ಧೂಮವನ್ನು ಉಸಿರಾಡಿದವರಿಗೆ ಚಳಿಜ್ವರದಂತಹ ಅಸ್ವಸ್ಥತೆ ಉಂಟಾಗುತ್ತದೆ.

ಚಿತ್ತೂರು ಹಾಗೂ ಕೃಷ್ಣಗಿರಿ ಭಾಗದ ಕಾರ್ಖಾನೆಗಳು ಮಾವಿನ ತಿರುಳನ್ನು ಚೀಲದೊಳಗೆ ತುಂಬಿ, ಆ ಚೀಲವನ್ನು ತೆರೆಯುವ ಮುಚ್ಚಳದ ಉಕ್ಕಿನ ಡ್ರಮ್ಮಿನಲ್ಲಿಟ್ಟು ಸಾಗಿಸುತ್ತವೆ. ತಿರುಳು ಡ್ರಮ್ಮಿಗೆ ನೇರವಾಗಿ ತಾಗದ ಕಾರಣ, ಹಣ್ಣಿನ ರಸ ಅಥವಾ ಐಸ್‌ಕ್ರೀಂ ತಯಾರಕರಿಂದ ದೊರೆಯುವ ಇಂತಹ ಖಾಲಿ ಡ್ರಮ್ಮು ಅತ್ಯಂತ ಸೂಕ್ತವಾದುದು. ಚೀಲದ ಮೇಲಿನ ಚೀಟಿಯನ್ನೂ ಕೇಳಿ ನೋಡುವುದು ಒಳಿತು.

ಸ್ಫೋಟದ ಅಪಾಯ

ಖಾಲಿ ಡ್ರಮ್ಮು ತುಂಬಿದ ಡ್ರಮ್ಮಿಗಿಂತ ಹೆಚ್ಚು ಅಪಾಯಕಾರಿಯಾಗಬಲ್ಲದು. ಗಾಳಿಯಲ್ಲಿ ಪೆಟ್ರೋಲ್ ಆವಿಯು ಶೇ. 1.4ರಷ್ಟು ಸೇರಿದರೆ ಸಾಕು, ಕಿಡಿ ತಗುಲಿದೊಡನೆ ಸ್ಫೋಟಿಸುತ್ತದೆ. ಲೆಕ್ಕ ಹಾಕಿದಲ್ಲಿ 200 ಲೀಟರ್ ಡ್ರಮ್ಮಿಗೆ ಸುಮಾರು 15 ಮಿ.ಲೀ. ಪೆಟ್ರೋಲ್, ಅಂದರೆ ಒಂದು ದೊಡ್ಡ ಚಮಚದಷ್ಟು, ಸಾಕಾಗುತ್ತದೆ. ತಿನ್ನರ್ ಮತ್ತಿತರ ದ್ರಾವಕಗಳ ವಿಚಾರವೂ ಇದಕ್ಕಿಂತ ಭಿನ್ನವಲ್ಲ. ಡೀಸೆಲ್‌ನಂತಹ ಭಾರವಾದ ತೈಲಗಳು ತಣ್ಣಗಿರುವಾಗ ಆವಿಯಾಗದಿದ್ದರೂ, ಗ್ಯಾಸ್ ಕಟರಿನ ಜ್ವಾಲೆಯ ಶಾಖಕ್ಕೆ ಆವಿಯಾಗಿ ಹೊತ್ತಿಕೊಳ್ಳುತ್ತವೆ. ವಾಸನೆ ಇಲ್ಲವೆಂಬುದು ಸುರಕ್ಷತೆಗೆ ಪುರಾವೆಯಲ್ಲ. ಆದುದರಿಂದ ಮುಚ್ಚಿದ ಡ್ರಮ್ಮಿನ ಮೇಲೆ ಗ್ಯಾಸ್ ಕಟರ್, ವೆಲ್ಡಿಂಗ್ ಅಥವಾ ಗ್ರೈಂಡರ್ ಬಳಕೆಯನ್ನು ಯಾವ ಸಂದರ್ಭದಲ್ಲಿಯೂ ಮಾಡಕೂಡದು. ಮಾಡಿಕೊಡುತ್ತೇನೆಂಬ ಅಂಗಡಿಯವರಿಗೂ ಒಪ್ಪಿಸಕೂಡದು.

ಶುದ್ಧೀಕರಣ ವಿಧಾನ

ಮುಚ್ಚಳ ತೆರೆದು, ಅದರ ರಬ್ಬರ್ ಪಟ್ಟಿಯನ್ನು ಕಿತ್ತು ತೆಗೆದು, ಬಿಸಿನೀರು ಮತ್ತು ವಾಷಿಂಗ್ ಸೋಡಾದಿಂದ ಎರಡು ಬಾರಿ ತೊಳೆಯಬೇಕು. ತದನಂತರ ತಳದಿಂದ 5 ಸೆಂ.ಮೀ. ಮೇಲೆ ಸಮಾನ ಅಂತರದಲ್ಲಿ 25 ಮಿ.ಮೀ. ಅಳತೆಯ ನಾಲ್ಕು ಗಾಳಿರಂಧ್ರಗಳನ್ನು ಕೊರೆಯಬೇಕು. ಮುಚ್ಚಳದಲ್ಲಿ 12 ಮಿ.ಮೀ.ನ ಎಂಟು ರಂಧ್ರಗಳು ಸಾಕು.

ಡ್ರಮ್ಮಿನ ಒಳಮೈಗೆ ತುಕ್ಕು ಹಿಡಿಯದಂತೆ ಎಪಾಕ್ಸಿ ಅಥವಾ ಫೀನಾಲಿಕ್ ಲೇಪನವಿರುವುದು ಸಾಮಾನ್ಯ. ಆಹಾರದರ್ಜೆಯ ಲೇಪನವೂ ಬೆಂಕಿಗೆ ಯೋಗ್ಯವಲ್ಲ. ಆದ್ದರಿಂದ ವಸತಿಯಿಂದ ದೂರದ ಬಯಲಿನಲ್ಲಿ ಒಣ ಕಟ್ಟಿಗೆಯನ್ನು ಡ್ರಮ್ಮಿನ ತುಂಬ ಹಾಕಿ ಎರಡು ಮೂರು ಗಂಟೆ ಧಗಧಗನೆ ಉರಿಸಬೇಕು. ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಹಾಕಬಾರದು. ಹೊಗೆಗೆ ಎದುರಾಗಿ ನಿಲ್ಲಬಾರದು. ಫೀನಾಲಿಕ್ ಲೇಪನವು ಬಲು ಹಟದ್ದು. ಒಂದು ಉರಿಗೆ ಬಿಡದಿದ್ದಲ್ಲಿ ಮತ್ತೊಮ್ಮೆ ಉರಿಸಬೇಕು, ಇಲ್ಲವೇ ಮರಳು ಸಿಂಪರಣೆ ಮಾಡುವ ಕಾರ್ಯಾಗಾರಕ್ಕೆ ಕೊಡಬೇಕು. ತಣ್ಣಗಾದ ಬಳಿಕ ಮುಖಕವಚ ಧರಿಸಿ, ಬರಿ ಉಕ್ಕು ಕಾಣುವವರೆಗೆ ತಂತಿಯ ಬ್ರಶ್‌ನಿಂದ ಉಜ್ಜಬೇಕು. ಕರಾವಳಿ ಮತ್ತು ಮಲೆನಾಡಿನ ಗಾಳಿಯಲ್ಲಿ ಬರಿ ಉಕ್ಕು ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಹಿಡಿಯುವುದರಿಂದ, ತೊಳೆದು ಒಣಗಿಸಿದ ದಿನವೇ ಅಡುಗೆ ಎಣ್ಣೆಯನ್ನು ತೆಳುವಾಗಿ ಸವರಿ, ಇದ್ದಿಲು ಹಚ್ಚಿ ಮೂರು ಗಂಟೆ ಹದಗೊಳಿಸತಕ್ಕದ್ದು. ಒಳಮೈಗೆ ಯಾವುದೇ ಬಣ್ಣ ಕೂಡದು.

ಜಾಲರಿ ಮತ್ತು ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಹಳೆಯ ಫ್ರಿಜ್ಜಿನ ತಂತಿಯ ಅಟ್ಟಣಿಗೆಯನ್ನು ಜಾಲರಿಯಾಗಿ ಬಳಸುವುದು ನಿಷಿದ್ಧ. ಅದರ ಮೇಲೆ ಕ್ಯಾಡ್ಮಿಯಂ ಲೇಪನವಿರುವ ಸಾಧ್ಯತೆಯಿದೆ. ಇದ್ದಿಲಿನಿಂದ ಇಂಗಾಲದ ಮೊನಾಕ್ಸೈಡ್ ಹೊರಡುವ ಕಾರಣ ಒಲೆಯನ್ನು ಬಯಲಿನಲ್ಲಿಯೇ ಇರಿಸಬೇಕು, ಮಳೆಗಾಲದಲ್ಲಿ ಕೊಟ್ಟಿಗೆಗೆ ತರುವಂತಿಲ್ಲ.

ಅನ್ವಯವಾಗುವ ನಿಯಮಗಳು

ಅಪಾಯಕಾರಿ ರಾಸಾಯನಿಕಗಳಿಂದ ಕಲುಷಿತಗೊಂಡ ಖಾಲಿ ಡ್ರಮ್ಮುಗಳು 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ಅನುಸೂಚಿ 1ರ ಕ್ರಮಾಂಕ 33.1ರಡಿ ಬರುತ್ತವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರವಿಲ್ಲದವರು ಇವುಗಳ ಸಂಸ್ಕರಣೆ ನಡೆಸುವಂತಿಲ್ಲ. ಕೀಟನಾಶಕದ ಖಾಲಿ ಡಬ್ಬಿಗಳನ್ನು ಮರುಬಳಕೆಯಾಗದಂತೆ ಒಡೆದು ವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳ 44ನೇ ನಿಯಮವು ವಿಧಿಸುತ್ತದೆ. ಹೊಗೆಯಾಡಿಸಿದ ಮೀನು ಅಥವಾ ಮಾಂಸವನ್ನು ಮಾರಾಟ ಮಾಡಲಿಚ್ಛಿಸುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ನೋಂದಣಿ ಅಥವಾ ಪರವಾನಗಿಯನ್ನು ಮುಂಚಿತವಾಗಿ ಪಡೆದಿರತಕ್ಕದ್ದು. ಡ್ರಮ್ಮು ಮಾರಿದವರಿಂದ, ಅದರಲ್ಲಿ ಹಿಂದೆ ಇದ್ದ ಪದಾರ್ಥದ ಹೆಸರನ್ನು ನಮೂದಿಸಿದ ರಸೀದಿಯನ್ನು ಪಡೆದು ಇಟ್ಟುಕೊಳ್ಳುವುದು ಸೂಕ್ತ. ಹೆಸರು ಬರೆದುಕೊಡಲು ಮಾರುವವರು ಹಿಂಜರಿದಲ್ಲಿ ಆ ಡ್ರಮ್ಮನ್ನು ಅಲ್ಲಿಯೇ ಬಿಟ್ಟು ಬರುವುದು.