ಮದ್ಯವ್ಯಸನ (ಕರ್ನಾಟಕದಲ್ಲಿ)

ಎಷ್ಟು ಕುಡಿಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಕೈಮೀರಿ, ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಬಿಡಲಾಗದ ಸ್ಥಿತಿಯೇ ಮದ್ಯವ್ಯಸನ. ಸ್ವೀಡನ್ನಿನ ವೈದ್ಯ ಮಾಗ್ನಸ್ ಹುಸ್ 1849ರಲ್ಲಿಯೇ ಇದನ್ನು ರೋಗವೆಂದು ವಿವರಿಸಿದ್ದ. ಕರ್ನಾಟಕದಲ್ಲಿ ಆ ತಿಳಿವಳಿಕೆ ಬೇರೂರಿದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಕುಡಿತವು ಮನೆಯವರ ಪಾಲಿಗೆ ಕರ್ಮ, ಮಠಗಳ ಪಾಲಿಗೆ ದುಶ್ಚಟ, ಸರ್ಕಾರದ ಪಾಲಿಗೆ ವರಮಾನ.

ಮಾರಾಟದ ಹಕ್ಕನ್ನು ಹರಾಜು ಹಾಕಿ ಬೊಕ್ಕಸ ತುಂಬಿಕೊಳ್ಳುವ ಅಬಕಾರಿ ಪದ್ಧತಿ ಬ್ರಿಟಿಷರ ಕಾಲದಿಂದ ಬಂದದ್ದು. ಪಾನನಿಷೇಧಕ್ಕೆ ಶ್ರಮಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳಿದರೂ, ಮೈಸೂರು ರಾಜ್ಯದ ಹಲವು ಜಿಲ್ಲೆಗಳಲ್ಲಿದ್ದ ನಿಷೇಧ 1960ರ ದಶಕದ ಕೊನೆಗೆ ಸಡಿಲಗೊಂಡಿತು. ಸಾರಾಯಿ ಗುತ್ತಿಗೆದಾರರು ರಾಜಕೀಯದಲ್ಲೂ ಪ್ರಬಲರಾದರು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಇಂಥ ದುರಂತಗಳಲ್ಲಿ ಕೊಲ್ಲುವುದು ಸಾಮಾನ್ಯವಾಗಿ ಮೀಥೈಲ್ ಆಲ್ಕೋಹಾಲ್; ಅದು ಮೊದಲು ಕಣ್ಣು ಕಳೆಯುತ್ತದೆ, ಆಮೇಲೆ ಜೀವ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ನಿಂತದ್ದು ಸಾರಾಯಿ ಮಾತ್ರ, ಕುಡಿತವಲ್ಲ: ಅಗ್ಗದ ವಿಸ್ಕಿ, ರಮ್ಮು ಆ ಜಾಗ ತುಂಬಿದವು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಹೊರವಲಯ, ಕೋಲಾರ ಮತ್ತು ನೆರೆಯ ಕೃಷ್ಣಗಿರಿಯಲ್ಲಿ ವಿಷಮದ್ಯಕ್ಕೆ ನೂರಕ್ಕೂ ಹೆಚ್ಚು ಮಂದಿ ಬಲಿಯಾದರು.

ಕುಡಿತ ಬಿಡಿಸುವ ಪ್ರಯತ್ನಗಳಲ್ಲಿ ವಿಶಿಷ್ಟವಾದದ್ದು ಇಳಕಲ್ಲಿನದು. ಚಿತ್ತರಗಿ ವಿಜಯಮಹಾಂತೇಶ ಮಠದ ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ಸುತ್ತಲಾರಂಭಿಸಿದರು. ಅವರು ಬೇಡಿದ್ದು ಹಣವನ್ನಲ್ಲ, ಕಾಳನ್ನೂ ಅಲ್ಲ. ನಿಮ್ಮ ಚಟವನ್ನು ಹಾಕಿ ಎಂದರು. ಕುಡುಕನನ್ನು ಬೈದು ಹೊರಗಿಡುವುದರ ಬದಲು ಅವನನ್ನು ದಾನಿಯ ಸ್ಥಾನದಲ್ಲಿ ನಿಲ್ಲಿಸಿದ್ದು ‘ಮಹಾಂತ ಜೋಳಿಗೆ’ಯ ಹೆಚ್ಚುಗಾರಿಕೆ. 2018ರಲ್ಲಿ ಲಿಂಗೈಕ್ಯರಾದ ಅವರ ಹುಟ್ಟುಹಬ್ಬ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಕರಾವಳಿಯಿಂದ ಹರಡಿದ ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಇನ್ನೊಂದು ದಾರಿ ಹಿಡಿದವು. ಎಂಟು ದಿನದ ವಾಸ, ಮನೆಯವರ ಭಾಗವಹಿಸುವಿಕೆ, ಊರಿಗೆ ಮರಳಿದ ಮೇಲೆ ‘ನವಜೀವನ ಸಮಿತಿ’ಯ ಕಾವಲು.

ಆದರೆ ಸಂಕಲ್ಪವೊಂದೇ ಸಾಲುವುದಿಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ಕೈನಡುಕ, ನಿದ್ದೆಗೇಡು, ಬೆವರು ಶುರುವಾಗಿ, ಕೆಲವರಿಗೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಇಲ್ಲದ್ದನ್ನು ಕಾಣುವ ಭ್ರಮೆ ಬಂದು ಜೀವಕ್ಕೇ ಅಪಾಯವಾಗುತ್ತದೆ. ದೇವರ ಮೇಲೆ ಆಣೆ ಇಟ್ಟು ಬಿಟ್ಟವನ ನಡುಕವನ್ನು ಗಾಳಿ ಸೋಕಿದ್ದೆಂದು ತಿಳಿಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1990ರ ದಶಕದ ಆರಂಭದಲ್ಲಿ ವ್ಯಸನದ ಚಿಕಿತ್ಸೆಗೆಂದೇ ಕೇಂದ್ರ ತೆರೆಯಿತು.

ವ್ಯಸನದ ಹೆಚ್ಚಿನ ಭಾರ ಹೊತ್ತವರು ಕುಡಿಯದವರೇ. ಕೂಲಿಯ ದುಡ್ಡು ಅಂಗಡಿಗೆ ಹೋಗುವುದು, ಹೊಡೆತ, ಸಾಲ, ಮಕ್ಕಳು ಶಾಲೆ ಬಿಟ್ಟು ದುಡಿಮೆಗಿಳಿಯುವುದು ಇವೆಲ್ಲ ಹೆಂಗಸರ ಲೆಕ್ಕಕ್ಕೆ ಬಂದವು. 2019ರ ಜನವರಿಯಲ್ಲಿ ರಾಯಚೂರು ಮತ್ತಿತರ ಜಿಲ್ಲೆಗಳ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಬೇಡಿಕೆ ಈಡೇರಲಿಲ್ಲ. ರಾಜ್ಯದ ಅಬಕಾರಿ ವರಮಾನ ಈಗ ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿದೆ.