ಒಂದೇ ಸಭೆ, ಒಂದೇ ರೇಡಿಯೋ, ಎರಡು ಮಾತು: 1938ರ ಅಮೆರಿಕದ ಕ್ರೈಸ್ತರು ಮತ್ತು ಯಹೂದಿ ನಿರಾಶ್ರಿತರು

1938ರ ನವೆಂಬರಿನಲ್ಲಿ, ನಾಲ್ಕೇ ದಿನಗಳ ಅಂತರದಲ್ಲಿ, ಅಮೆರಿಕದ ಕ್ಯಾಥೊಲಿಕರು ತಮ್ಮ ಮನೆಯ ರೇಡಿಯೋದಲ್ಲಿ ಎರಡು ತದ್ವಿರುದ್ಧ ಮಾತು ಕೇಳಿದರು. ಎರಡನ್ನೂ ಆಡಿದವರು ಅವರದೇ ಸಭೆಯ ಪಾದ್ರಿಗಳು. ವಿಷಯವೂ ಒಂದೇ. ನವೆಂಬರ್ 9 ಮತ್ತು 10ರಂದು ಜರ್ಮನಿಯಲ್ಲಿ ಯಹೂದಿಗಳ ಮೇಲೆ ನಡೆದ ದಾಳಿ. ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿದ್ದಿತ್ತು, ಸುಮಾರು 7,500 ಅಂಗಡಿಗಳನ್ನು ಒಡೆಯಲಾಗಿತ್ತು, 30,000ದಷ್ಟು ಗಂಡಸರನ್ನು ಹಿಡಿದು ಸೆರೆಶಿಬಿರಗಳಿಗೆ ತಳ್ಳಲಾಗಿತ್ತು. ಒಡೆದ ಗಾಜಿನ ರಾತ್ರಿ ಅಂತ ಚರಿತ್ರೆ ಅದನ್ನು ಕರೆಯುತ್ತದೆ.

ಮೊದಲ ಪ್ರಸಾರ ನವೆಂಬರ್ 16ರದು. ವಾಷಿಂಗ್ಟನ್ನಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಅದನ್ನು ಏರ್ಪಡಿಸಿತ್ತು. ಸ್ಯಾನ್‌ಫ್ರಾನ್ಸಿಸ್ಕೊದ ಆರ್ಚ್‌ಬಿಷಪ್ ಮಿಟ್ಟಿ, ಇನ್ನಿಬ್ಬರು ಬಿಷಪರು, ಫಾದರ್ ಮಾರಿಸ್ ಶೀಹಿ, ಜೊತೆಗೆ ಹಿಂದೆ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಆಲ್ ಸ್ಮಿತ್, ಎಲ್ಲರೂ ನಾಜಿ ಹಿಂಸೆಯನ್ನು ನೇರವಾಗಿ ಖಂಡಿಸಿದರು. ಎರಡನೆಯದು ನವೆಂಬರ್ 20ರ ಭಾನುವಾರದ್ದು. ಮಾತಾಡಿದವರು ಒಬ್ಬರೇ, ಫಾದರ್ ಚಾರ್ಲ್ಸ್ ಕಾಗ್ಲಿನ್. ಆದರೆ ಆ ಒಬ್ಬರ ಮಾತು ಕೇಳುವವರ ಸಂಖ್ಯೆ ದೊಡ್ಡದಿತ್ತು.

ಮುಸ್ಲಿಂ ಬರಹಗಾರರ ಪ್ರಬಂಧಗಳ ನಡುವೆ ಕ್ರೈಸ್ತರ ಒಳಜಗಳದ ಕತೆ ಯಾಕೆ ಅಂತ ನೀವು ಕೇಳಬಹುದು. ಓದುತ್ತಾ ಹೋಗಿ, ನಿಮಗೇ ತಿಳಿಯುತ್ತದೆ.

ಕಾಗ್ಲಿನ್ ಕೆನಡಾದಲ್ಲಿ ಹುಟ್ಟಿದವರು. ಮಿಷಿಗನ್ ರಾಜ್ಯದ ರಾಯಲ್ ಓಕ್ ಎಂಬ ಊರಿನ ಚರ್ಚಿನ ಪಾದ್ರಿ. 1926ರಲ್ಲಿ ರೇಡಿಯೋ ಪ್ರವಚನ ಶುರುಮಾಡಿದರು. 1929ರಲ್ಲಿ ಷೇರು ಪೇಟೆ ಕುಸಿದು, ಕಾರ್ಖಾನೆಗಳು ಮುಚ್ಚಿ, ಡೆಟ್ರಾಯಿಟ್ ಸುತ್ತಲಿನ ಕಾರ್ಮಿಕರು ಬೀದಿಗೆ ಬಿದ್ದಾಗ ಅವರ ಪರ ಗಟ್ಟಿಯಾಗಿ ಮಾತಾಡಿದ ಧ್ವನಿ ಇವರದು. ಅದನ್ನು ಮರೆಯಬಾರದು. ಬ್ಯಾಂಕುಗಳ ವಿರುದ್ಧ, ಬಡ್ಡಿಯ ವಿರುದ್ಧ, ಕೂಲಿಯವರ ಹಕ್ಕಿನ ಪರ ಅವರು ಹೇಳಿದ್ದರಲ್ಲಿ ನ್ಯಾಯವಿತ್ತು. ಕೇಳುಗರ ಸಂಖ್ಯೆ ಮೂರು ಕೋಟಿ ಮುಟ್ಟಿತ್ತು ಎಂಬ ಅಂದಾಜೂ ಇದೆ. ಮೊದಲು ರೂಸ್‌ವೆಲ್ಟ್ ಪರ ನಿಂತರು, ಆಮೇಲೆ ಅವರನ್ನೇ ದ್ವೇಷಿಸಿದರು. 1936ರಲ್ಲಿ ತಮ್ಮ ಬೆಂಬಲದ ಪಕ್ಷವೊಂದನ್ನು ಚುನಾವಣೆಗೆ ಇಳಿಸಿದರು. ಅದಕ್ಕೆ ಬಿದ್ದ ಮತ ನೂರಕ್ಕೆ ಎರಡರಷ್ಟು ಮಾತ್ರ. ಆ ಸೋಲಿನ ನಂತರ ಅವರ ಮಾತಿನಲ್ಲಿ 'ಬ್ಯಾಂಕಿನವರು' ಅನ್ನುವ ಪದದ ಜಾಗಕ್ಕೆ ಮೆಲ್ಲಮೆಲ್ಲಗೆ 'ಯಹೂದಿಗಳು' ಅನ್ನುವ ಪದ ಬಂದು ಕೂತಿತು.

ನವೆಂಬರ್ 20ರಂದು ಅವರು ಹೇಳಿದ ಮಾತಿನ ಸಾರ ಇಷ್ಟು: ಜರ್ಮನಿಯಲ್ಲಿ ನಡೆದದ್ದು ಕೆಟ್ಟದ್ದೇ. ಆದರೆ ನಾಜಿಗಳು ಹುಟ್ಟಿಕೊಂಡದ್ದು ಕಮ್ಯುನಿಸಂ ವಿರುದ್ಧದ ರಕ್ಷಣೆಗೆ, ಕಮ್ಯುನಿಸಂ ಬೆಳೆಸಿದ್ದು ಯಹೂದಿಗಳು. ಹಾಗಾಗಿ ಪೆಟ್ಟು ತಿಂದವರೇ ಅದನ್ನು ತಂದುಕೊಂಡರು. ಈ ತರ್ಕ ನಿಮಗೆ ಹೊಸದಲ್ಲ. ಅಂಗಡಿ ಸುಟ್ಟವರನ್ನು ಬಿಟ್ಟು ಸುಟ್ಟುಹೋದ ಅಂಗಡಿಯ ಮಾಲೀಕನ ಜಾತಕ ಹುಡುಕುವ ತರ್ಕವನ್ನು ನಾವೂ ಕೇಳಿದ್ದೇವೆ.

ಸಾಕ್ಷಿ ಏನಿತ್ತು? ನ್ಯೂಯಾರ್ಕಿನ ಕೂನ್ ಲೋಬ್ ಎಂಬ ಯಹೂದಿ ಬ್ಯಾಂಕು ರಷ್ಯಾದ ಕ್ರಾಂತಿಗೆ ಹಣ ಕೊಟ್ಟಿತು ಅಂತ ಕಾಗ್ಲಿನ್ ಹೇಳಿದರು. ಯಾರು ಹೇಳಿದ್ದು ಅಂದರೆ, ಐರ್ಲೆಂಡಿನ ಡೆನಿಸ್ ಫಾಹಿ ಎಂಬ ಪಾದ್ರಿಯ ಪುಸ್ತಕ. ಫಾಹಿಗೆ ಎಲ್ಲಿಂದ ಸಿಕ್ಕಿತು? ಒಂದು ಫ್ರೆಂಚ್ ಕ್ಯಾಥೊಲಿಕ್ ಪತ್ರಿಕೆಯಿಂದ. ಪತ್ರಿಕೆಗೆ? ಅಮೆರಿಕದ ಸೀಕ್ರೆಟ್ ಸರ್ವಿಸಿನ ಒಂದು ವರದಿಯಿಂದ ಅಂತೆ. ಸೀಕ್ರೆಟ್ ಸರ್ವಿಸನ್ನೇ ಕೇಳಿದಾಗ, ಅಂಥ ವರದಿಯೇ ನಮ್ಮಲ್ಲಿಲ್ಲ ಅಂದಿತು. ಹದೀಸ್ ಓದಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸನದ್ ನೋಡಿದರೆ ಉದ್ದವಾಗಿದೆ, ನಡುವಿನಲ್ಲಿ ಪಾದ್ರಿಗಳ ಹೆಸರಿದೆ, ಪುಸ್ತಕದ ಹೆಸರಿದೆ, ಆದರೆ ಕೊನೆಯ ಕೊಂಡಿಯ ಆಚೆ ಯಾರೂ ಇಲ್ಲ.

ಪ್ರಸಾರ ಮುಗಿದ ಕೂಡಲೇ ನ್ಯೂಯಾರ್ಕಿನ ಡಬ್ಲ್ಯೂಎಂಸಿಎ ಕೇಂದ್ರದವರು, ಫಾದರ್ ಕಾಗ್ಲಿನ್ ಹೇಳಿದ್ದರಲ್ಲಿ ತಪ್ಪುಗಳಿವೆ ಅಂತ ಅಲ್ಲೇ ಘೋಷಿಸಿದರು. ಮುಂದಿನ ವಾರದಿಂದ ಅವರ ಮಾತನ್ನು ಪ್ರಸಾರ ಮಾಡಲಿಲ್ಲ. ಅಭಿಮಾನಿಗಳು ಆ ಕೇಂದ್ರದ ಮುಂದೆ ಸಾಲುಗಟ್ಟಿ ಪ್ರತಿಭಟಿಸಿದರು. ಸುಳ್ಳು ಅಂತ ತೋರಿಸಿಕೊಟ್ಟವನ ಮೇಲೇ ಜನರಿಗೆ ಸಿಟ್ಟು ಬಂತು.

ಅದೇ ವರ್ಷದ ಜುಲೈಯಿಂದ ಕಾಗ್ಲಿನ್ ತಮ್ಮ 'ಸೋಷಿಯಲ್ ಜಸ್ಟಿಸ್' ಪತ್ರಿಕೆಯಲ್ಲಿ ಇನ್ನೊಂದು ಸರಕನ್ನೂ ಧಾರಾವಾಹಿಯಾಗಿ ಹಾಕುತ್ತಿದ್ದರು. ಅದು 'ಝಿಯೋನಿನ ಹಿರಿಯರ ಪ್ರೋಟೋಕಾಲುಗಳು'. ಯಹೂದಿ ಮುಖಂಡರು ಗುಟ್ಟಾಗಿ ಸೇರಿ ಜಗತ್ತನ್ನು ಆಳುವ ಸಂಚು ಹೂಡಿದ ಟಿಪ್ಪಣಿಗಳು ಅಂತ ಅದರ ಹೇಳಿಕೆ. ಮೊದಲು ಅಚ್ಚಾದದ್ದು 1903ರಲ್ಲಿ, ರಷ್ಯಾದ ಒಂದು ಪತ್ರಿಕೆಯಲ್ಲಿ. 1905ರಲ್ಲಿ ಸೆರ್ಗೇಯ್ ನೀಲುಸ್ ಎಂಬ ಆರ್ಥೊಡಾಕ್ಸ್ ಧಾರ್ಮಿಕ ಲೇಖಕ ತನ್ನ ಪುಸ್ತಕದಲ್ಲಿ ಸೇರಿಸಿದ. 1920ರ ಹೊತ್ತಿಗೆ ಇಂಗ್ಲಿಷಿಗೂ ಬಂತು. ಅಮೆರಿಕದಲ್ಲಿ ಕಾರಿನ ಸಾಹುಕಾರ ಹೆನ್ರಿ ಫೋರ್ಡ್ ತನ್ನ ಪತ್ರಿಕೆಯಲ್ಲಿ ಅದರ ವಿಚಾರಗಳನ್ನು ಹಂಚಿದ. 1927ರಲ್ಲಿ ಕ್ಷಮೆ ಕೇಳಿದ.

ಅದು ಸುಳ್ಳು ಅಂತ ಬಯಲಾದ ಬಗೆ ಸ್ವಾರಸ್ಯದ್ದು. 1921ರಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಯ ವರದಿಗಾರ ಫಿಲಿಪ್ ಗ್ರೇವ್ಸ್ ಇಸ್ತಾಂಬುಲಿನಲ್ಲಿದ್ದ. ಕ್ರಾಂತಿಯಿಂದ ಓಡಿಬಂದಿದ್ದ ಒಬ್ಬ ರಷ್ಯನ್ ಜಮೀನ್ದಾರ, ತಾನೇ ಆರ್ಥೊಡಾಕ್ಸ್ ಕ್ರೈಸ್ತ, ತಾನೇ ನಿರಾಶ್ರಿತ, ಗ್ರೇವ್ಸನ ಕೈಗೆ ಒಂದು ಹಳೆಯ ಫ್ರೆಂಚ್ ಪುಸ್ತಕ ಇಟ್ಟ. 1864ರಲ್ಲಿ ಮೊರೀಸ್ ಜೋಲಿ ಎಂಬ ವಕೀಲ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನನ್ನು ಅಣಕಿಸಿ ಬರೆದದ್ದು. ಅದರಲ್ಲಿ ಯಹೂದಿಗಳ ಪ್ರಸ್ತಾಪವೇ ಇಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಪ್ಯಾರಾಕ್ಕೆ ಪ್ಯಾರಾ ನಕಲು. ಗ್ರೇವ್ಸ್ ಎರಡನ್ನೂ ಕಾಲಂ ಪಕ್ಕ ಕಾಲಂ ಹಾಕಿ ಅಚ್ಚುಮಾಡಿಸಿದ. ಇದೆಲ್ಲ ಆಗಿ 17 ವರ್ಷದ ಮೇಲೆ ಕಾಗ್ಲಿನ್ ಅದನ್ನು ಮತ್ತೆ ಎತ್ತಿಕೊಂಡರು. ಖೋಟಾ ಅಲ್ಲವೇ ಅಂತ ಕೇಳಿದವರಿಗೆ ಅವರ ಉತ್ತರ: ಬರೆದವರು ಯಾರು ಅನ್ನುವುದು ನನಗೆ ಮುಖ್ಯವಲ್ಲ, ಅದರಲ್ಲಿ ಇರುವಂತೆಯೇ ಜಗತ್ತಿನಲ್ಲಿ ನಡೆಯುತ್ತಿದೆಯಲ್ಲ!

ಇಲ್ಲಿ ಒಂದು ನಿಷ್ಠುರ ಮಾತು ಹೇಳಬೇಕು. ಈ ಪುಸ್ತಕ ನಮ್ಮವರ ಕಪಾಟುಗಳಲ್ಲೂ ಇದೆ. 1920ರ ದಶಕದಲ್ಲಿ ಅರಬಿಗೆ ತಂದವರು ಅರಬ್ ಕ್ರೈಸ್ತರು; 1951ರಲ್ಲಿ ಕೈರೋದಲ್ಲಿ ಮುಸ್ಲಿಂ ಅನುವಾದಕರ ಆವೃತ್ತಿಯೂ ಬಂತು. ಪ್ಯಾಲೆಸ್ಟೈನಿನ ಜನರ ನೋವು ದಾಖಲೆಗಳಲ್ಲಿದೆ, ಕಳೆದುಕೊಂಡ ಹಳ್ಳಿಗಳ ಹೆಸರಿನಲ್ಲಿದೆ, ಈಗಲೂ ಬದುಕಿರುವವರ ನೆನಪಿನಲ್ಲಿದೆ. ಅದಕ್ಕೆ ರಷ್ಯಾದ ಯಾವನೋ ಕದ್ದು ಬರೆದ ಪುಸ್ತಕದ ಆಸರೆ ಬೇಡ. ಆಸರೆ ತೆಗೆದುಕೊಂಡರೆ ನಿಜದ ಮಾತಿಗೇ ಕಳಂಕ.

ಮತ್ತೆ ಡೆಟ್ರಾಯಿಟಿಗೆ ಬರೋಣ. ಕಾಗ್ಲಿನ್ ಮಾತು ಅಷ್ಟು ಜನರಿಗೆ ಯಾಕೆ ನಾಟಿತು? ಅವರೆಲ್ಲ ದುಷ್ಟರು ಅಂದುಬಿಟ್ಟರೆ ನಾವು ಏನನ್ನೂ ಕಲಿಯುವುದಿಲ್ಲ. ಐರಿಷ್ ಮತ್ತು ಜರ್ಮನ್ ಮೂಲದ ಬಡ ಕ್ಯಾಥೊಲಿಕರ ಮನಸ್ಸಿನಲ್ಲಿ ಒಂದು ಗಾಯವಿತ್ತು. 1920ರ ದಶಕದಲ್ಲಿ ಮೆಕ್ಸಿಕೊದಲ್ಲಿ ಚರ್ಚುಗಳಿಗೆ ಬೀಗ ಬಿತ್ತು. 1936ರಲ್ಲಿ ಶುರುವಾದ ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಪಾಳೆಯದ ಕಡೆ ಸುಮಾರು 6,800 ಪಾದ್ರಿಗಳು, ಸನ್ಯಾಸಿಗಳು, ಸನ್ಯಾಸಿನಿಯರು ಕೊಲೆಯಾದರು. ಅಮೆರಿಕದ ದೊಡ್ಡ ಪತ್ರಿಕೆಗಳು, ಉದಾರವಾದಿ ಪ್ರೊಟೆಸ್ಟೆಂಟರು, ಬುದ್ಧಿಜೀವಿಗಳು ಬಹುಪಾಲು ಆ ಗಣರಾಜ್ಯದ ಪರವೇ ಇದ್ದರು. ಅಂದರೆ ಕಾಗ್ಲಿನ್ ಕೇಳುತ್ತಿದ್ದದ್ದು ಈ ಪ್ರಶ್ನೆ: ನಮ್ಮವರು ಸತ್ತಾಗ ಇವರೆಲ್ಲ ಎಲ್ಲಿದ್ದರು? ಈಗ ಮಾತ್ರ ಯಾಕೆ ಕಣ್ಣೀರು?

ಈ ಪ್ರಶ್ನೆಯ ಬಿಸಿ ನಮಗೆ ಗೊತ್ತಿಲ್ಲ ಅಂತ ಹೇಳಲಾಗದು. ನಮ್ಮ ಸಭೆಗಳಲ್ಲೂ ಇದನ್ನು ಕೇಳುತ್ತೇವೆ, ಎಷ್ಟೋ ಸಲ ಸರಿಯಾಗಿಯೇ ಕೇಳುತ್ತೇವೆ. ಆದರೆ ನೋಡಿ, ಅದೇ ಪ್ರಶ್ನೆಯನ್ನು ಹೊತ್ತುಕೊಂಡೇ ಬೇರೆ ದಾರಿ ಹಿಡಿದ ಕ್ಯಾಥೊಲಿಕರೂ ಇದ್ದರು. ನವೆಂಬರ್ 16ರಂದು ಮಾತಾಡಿದ ಬಿಷಪರು ಸ್ಪೇನಿನ ಪಾದ್ರಿಗಳಿಗಾಗಿ ಅತ್ತ ಸಭೆಯವರೇ. ನ್ಯೂಯಾರ್ಕಿನಲ್ಲಿ ಬಡವರಿಗೆ ಊಟ ಹಾಕುತ್ತಿದ್ದ ಡೊರೊಥಿ ಡೇ ಸ್ಪೇನಿನಲ್ಲಿ ಫ್ರಾಂಕೋ ಪರ ನಿಲ್ಲಲು ಒಪ್ಪಲಿಲ್ಲ. ಅವರ ಪತ್ರಿಕೆಯ ಚಂದಾದಾರರು ಕಡಿಮೆಯಾದರು. 1939ರಲ್ಲಿ ಯಹೂದಿದ್ವೇಷದ ವಿರುದ್ಧ ಕ್ಯಾಥೊಲಿಕರ ಸಮಿತಿ ಹುಟ್ಟಿದಾಗ ಅವರೂ ಅದರಲ್ಲಿದ್ದರು. ಕಾರ್ಮಿಕರ ಕೂಲಿಯ ಬಗ್ಗೆ ಕಾಗ್ಲಿನ್‌ಗಿಂತ ಎಷ್ಟೋ ಮೊದಲೇ ಬರೆದಿದ್ದ ಫಾದರ್ ಜಾನ್ ರಯನ್ 'ಕಾಮನ್‌ವೀಲ್' ಪತ್ರಿಕೆಯಲ್ಲಿ ಕಾಗ್ಲಿನ್ ವಾದಗಳನ್ನು ಬಿಡಿಸಿಟ್ಟರು. ಷಿಕಾಗೋದ ಕಾರ್ಡಿನಲ್ ಮಂಡಲೈನ್ ಡಿಸೆಂಬರ್ 11ರಂದು ರೇಡಿಯೋದಲ್ಲಿ ತಮ್ಮ ಹೇಳಿಕೆ ಓದಿಸಿದರು: ಈ ಪಾದ್ರಿಗೆ ಸಭೆಯ ಪರವಾಗಿ ಮಾತಾಡುವ ಅಧಿಕಾರವಿಲ್ಲ. ಅದೇ ವಾರಗಳಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. 'ಸೋಷಿಯಲ್ ಜಸ್ಟಿಸ್'ನ ಡಿಸೆಂಬರ್ 5ರ ಸಂಚಿಕೆಯಲ್ಲಿ ಕಾಗ್ಲಿನ್ ಹೆಸರಿನಲ್ಲಿ ಬಂದ ಲೇಖನದ ಭಾಗಗಳು ನಾಜಿ ಪ್ರಚಾರ ಮಂತ್ರಿ ಗೊಬೆಲ್ಸ್ 1935ರಲ್ಲಿ ಮಾಡಿದ ಭಾಷಣದ ನಕಲಾಗಿದ್ದವು.

ಹಾಗಾದರೆ ಸಭೆ ಅವರ ಬಾಯಿ ಮುಚ್ಚಿಸಲಿಲ್ಲ ಯಾಕೆ? ಕ್ಯಾಥೊಲಿಕ್ ವ್ಯವಸ್ಥೆಯಲ್ಲಿ ಪಾದ್ರಿಯ ಮೇಲಿನ ಹಿಡಿತ ಅವನ ಸ್ಥಳೀಯ ಬಿಷಪರದ್ದು. ಡೆಟ್ರಾಯಿಟಿನ ಬಿಷಪ್ ಗ್ಯಾಲಹರ್ 1937ರಲ್ಲಿ ತೀರಿಕೊಳ್ಳುವ ತನಕ ಕಾಗ್ಲಿನ್ ಬೆನ್ನಿಗಿದ್ದರು. ನಂತರ ಬಂದ ಆರ್ಚ್‌ಬಿಷಪ್ ಮೂನಿಗೆ ಈ ಮಾತುಗಳು ಹಿಡಿಸುತ್ತಿರಲಿಲ್ಲ, ಆದರೆ ಲಕ್ಷಾಂತರ ಜನರನ್ನು ಎದುರು ಹಾಕಿಕೊಳ್ಳಲು ಹಿಂಜರಿದರು.

ಈಗ ನಿರಾಶ್ರಿತರ ವಿಷಯ. ಇಲ್ಲಿ ಭಿನ್ನಮತ ಇನ್ನೂ ಕಗ್ಗಂಟು, ಯಾಕೆಂದರೆ ಕಾಗ್ಲಿನ್‌ರನ್ನು ತಿರಸ್ಕರಿಸಿದವರೂ ಬಾಗಿಲು ತೆರೆಯಲು ಸಿದ್ಧರಿರಲಿಲ್ಲ. ಗಾಜಿನ ರಾತ್ರಿಯ ನಂತರದ ಸಮೀಕ್ಷೆಯಲ್ಲಿ ಅಮೆರಿಕನ್ನರಲ್ಲಿ ನೂರಕ್ಕೆ 94 ಮಂದಿ ನಾಜಿಗಳ ನಡತೆ ತಪ್ಪು ಅಂದರು. ಅದೇ ಹೊತ್ತಿನಲ್ಲಿ, ಹೆಚ್ಚು ಯಹೂದಿಗಳನ್ನು ಒಳಗೆ ಬಿಡೋಣವೇ ಅಂದರೆ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಬೇಡ ಅಂದರು.

1939ರ ಜನವರಿಯಲ್ಲಿ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಧರ್ಮಗುರುಗಳು ಒಟ್ಟಾಗಿ ಶ್ವೇತಭವನಕ್ಕೆ ಮನವಿ ಕೊಟ್ಟರು. ಕನಿಷ್ಠ ಮಕ್ಕಳನ್ನಾದರೂ ಉಳಿಸಿ ಅಂತ. ಫೆಬ್ರುವರಿಯಲ್ಲಿ ಸೆನೆಟರ್ ವ್ಯಾಗ್ನರ್ ಮತ್ತು ಸಂಸದೆ ಎಡಿತ್ ರಾಜರ್ಸ್ ಮಸೂದೆ ತಂದರು. ಎರಡು ವರ್ಷದಲ್ಲಿ 14 ವರ್ಷದೊಳಗಿನ 20,000 ಮಕ್ಕಳು, ವಲಸೆಯ ಕೋಟಾದ ಹೊರಗೆ. ಕ್ವೇಕರ್ ಪಂಥದವರು ಇದಕ್ಕಾಗಿ ಓಡಾಡಿದರು. ಮಕ್ಕಳನ್ನು ಸಾಕುತ್ತೇವೆ ಅಂತ ಮುಂದೆ ಬಂದ ಕುಟುಂಬಗಳು ಸಾವಿರಾರು. ವಿರೋಧಿಗಳು ಹೇಳಿದ್ದು: ಮೊದಲು ನಮ್ಮ ಹಸಿದ ಮಕ್ಕಳನ್ನು ನೋಡಿ. ಈ ಮಕ್ಕಳು ದೊಡ್ಡವರಾಗಿ ಕೆಲಸ ಕಿತ್ತುಕೊಳ್ಳುತ್ತಾರೆ. ಪ್ರೊಟೆಸ್ಟೆಂಟರ ಹೆಸರಾಂತ ವಾರಪತ್ರಿಕೆ 'ಕ್ರಿಶ್ಚಿಯನ್ ಸೆಂಚುರಿ' ನಾಜಿಗಳನ್ನು ಕಟುವಾಗಿ ಖಂಡಿಸುತ್ತಲೇ ವಲಸೆ ಕಾನೂನು ಸಡಿಲಿಸಬಾರದು ಅಂತ ವಾದಿಸಿತ್ತು. ರೂಸ್‌ವೆಲ್ಟ್ ಬಾಯಿ ಬಿಡಲಿಲ್ಲ. ಜೂನಿನಲ್ಲಿ ಈ ಬಗ್ಗೆ ಅಭಿಪ್ರಾಯ ಕೇಳಿ ಬಂದ ಟಿಪ್ಪಣಿಯ ಮೇಲೆ, ಕ್ರಮ ಬೇಡ, ಕಡತಕ್ಕೆ ಸೇರಿಸಿ ಅಂತ ಬರೆದರು. ಆ ಮಕ್ಕಳನ್ನು ಕೋಟಾದೊಳಗೇ ಎಣಿಸಬೇಕು ಅಂತ ಸಮಿತಿ ತಿದ್ದಿದಾಗ ವ್ಯಾಗ್ನರ್ ಮಸೂದೆಯನ್ನೇ ಹಿಂದೆಗೆದುಕೊಂಡರು. ಅದೇ ಅವಧಿಯಲ್ಲಿ ಬ್ರಿಟನ್ 10,000ದಷ್ಟು ಮಕ್ಕಳನ್ನು ಒಳಗೆ ಬಿಟ್ಟಿತು.

ನಮ್ಮ ನಾಡಿಗೂ ಈ ಕತೆಯ ಒಂದು ಎಳೆ ತಗುಲಿದೆ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಹುಟ್ಟಿನಿಂದ ಯಹೂದಿ, ಆಮೇಲೆ ಲೂಥರನ್ ದೀಕ್ಷೆ ಪಡೆದವರು. ಹಿಟ್ಲರನ ಕಾನೂನಿಗೆ ದೀಕ್ಷೆ ಲೆಕ್ಕಕ್ಕಿಲ್ಲ, ಕೆಲಸ ಹೋಯಿತು. 1935-36ರಲ್ಲಿ ಸಿ.ವಿ. ರಾಮನ್ ಅವರನ್ನು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. ಕಾಯಂ ಹುದ್ದೆಯ ಮಾತು ಬಂದಾಗ ಅಲ್ಲಿದ್ದ ಒಬ್ಬ ಇಂಗ್ಲಿಷ್ ಪ್ರೊಫೆಸರ್, ಸ್ವಂತ ದೇಶದವರೇ ಓಡಿಸಿದವನು ನಮಗೇಕೆ ಅಂತ ಸಭೆಯಲ್ಲೇ ಆಡಿದ್ದನ್ನು ಬಾರ್ನ್ ಆತ್ಮಕತೆಯಲ್ಲಿ ನೆನೆದಿದ್ದಾರೆ. ಅವರು ಎಡಿನ್‌ಬರೋಗೆ ಹೋದರು. ಆದರೆ ಅವರ ಸೋದರಳಿಯ ಆಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಆಗಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ದೇಶ ವಿಭಜನೆಯಾದ ಮೇಲೆ ಅದೇ ಕೋನಿಗ್ಸ್‌ಬರ್ಗರ್ ದಿಲ್ಲಿಯಲ್ಲಿ, ಗಡಿ ದಾಟಿ ಬಂದ ನಿರಾಶ್ರಿತರಿಗೆ ಊರು ಕಟ್ಟುವ ಯೋಜನೆಗಳಲ್ಲಿ ದುಡಿದರು.

ಇನ್ನೊಂದು ಘಟನೆ ಹೇಳದೆ ಮುಗಿಸಲಾಗದು. ಇದು ಕಾಗ್ಲಿನ್ ಕತೆಯ ತಿರುಗುಮುರುಗು. 1942ರ ನವೆಂಬರ್ 24ರಂದು ರಬ್ಬಿ ಸ್ಟೀಫನ್ ವೈಸ್, ಯುರೋಪಿನಲ್ಲಿ ಇಪ್ಪತ್ತು ಲಕ್ಷ ಯಹೂದಿಗಳ ಹತ್ಯೆ ಆಗಿದೆ ಅಂತ ಪತ್ರಕರ್ತರಿಗೆ ತಿಳಿಸಿದರು. ಹೆಣಗಳನ್ನು ಸಾಬೂನಿನಂಥ ವಸ್ತುಗಳಿಗೆ ಬಳಸುತ್ತಾರೆ ಎಂಬ ವದಂತಿಯೂ ಅದರಲ್ಲಿ ಸೇರಿಕೊಂಡಿತ್ತು. 'ಕ್ರಿಶ್ಚಿಯನ್ ಸೆಂಚುರಿ' ಡಿಸೆಂಬರ್ 9ರ ಸಂಪಾದಕೀಯದಲ್ಲಿ ಅನುಮಾನ ಎತ್ತಿತು. ಅನುಮಾನಕ್ಕೆ ಕಾರಣವೂ ಇತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನರು ಹೆಣಗಳ ಕಾರ್ಖಾನೆ ನಡೆಸುತ್ತಾರೆ ಅಂತ ಬ್ರಿಟಿಷರು ಹಬ್ಬಿಸಿದ್ದ ಸುದ್ದಿ ಶುದ್ಧ ಸುಳ್ಳಾಗಿತ್ತು. ಒಮ್ಮೆ ಮೋಸ ಹೋದವರು ಈ ಸಲ ಎಚ್ಚರವಾಗಿದ್ದೇವೆ ಅಂದುಕೊಂಡರು. ಸಾಬೂನಿನ ವದಂತಿಯ ಬಗ್ಗೆ ಅವರ ಶಂಕೆ ಸರಿಯೇ ಇತ್ತು. ಅದನ್ನೇ ಹಿಡಿದು ಹತ್ಯೆಯ ಸಂಖ್ಯೆಯನ್ನೂ ಶಂಕಿಸಿದ್ದು ದುರಂತ. ಎಂಟು ದಿನಗಳ ನಂತರ, ಡಿಸೆಂಬರ್ 17ರಂದು, ಮಿತ್ರರಾಷ್ಟ್ರಗಳೇ ಜಂಟಿ ಹೇಳಿಕೆ ಕೊಟ್ಟು ಆ ಹತ್ಯೆಗಳನ್ನು ಜಗತ್ತಿಗೆ ಸಾರಿದವು. ಇಪ್ಪತ್ತು ಲಕ್ಷ ಎಂಬುದು ನಿಜಕ್ಕಿಂತ ಕಡಿಮೆಯೇ ಆಗಿತ್ತು. ಹಿಂದೆ ಇದೇ ಪತ್ರಿಕೆಗೆ ಬರೆಯುತ್ತಿದ್ದ ರೈನ್‌ಹೋಲ್ಡ್ ನೀಬೂರ್, ಯುದ್ಧದ ಪ್ರಶ್ನೆಯ ಮೇಲೆ ಮುನಿಸಿಕೊಂಡು 1941ರಲ್ಲೇ ಬೇರೆ ಪತ್ರಿಕೆ ಕಟ್ಟಿಕೊಂಡಿದ್ದರು.

ಕಾಗ್ಲಿನ್ ಏನಾದರು? ಪ್ರಸಾರಕರು ತಂದ ಹೊಸ ನಿಯಮಗಳಿಂದ 1940ರಲ್ಲಿ ರೇಡಿಯೋ ನಿಂತಿತು. 1942ರ ಏಪ್ರಿಲಿನಲ್ಲಿ ಸರ್ಕಾರ ಅವರ ಪತ್ರಿಕೆಯನ್ನು ಅಂಚೆಯಿಂದ ಹೊರಹಾಕಿತು. ಮೇ 1ರಂದು ಆರ್ಚ್‌ಬಿಷಪ್ ಮೂನಿ ಕೊನೆಗೂ ಆಜ್ಞೆ ಕೊಟ್ಟರು: ಇನ್ನು ರಾಜಕೀಯ ಸಾಕು, ಇಲ್ಲವಾದರೆ ಪಾದ್ರಿಯ ಹುದ್ದೆ ಹೋಗುತ್ತದೆ. ಕಾಗ್ಲಿನ್ ಮರುಮಾತಿಲ್ಲದೆ ಒಪ್ಪಿಕೊಂಡರು. 1966ರ ತನಕ ಅದೇ ಚರ್ಚಿನಲ್ಲಿ ಪೂಜೆ ನಡೆಸಿಕೊಂಡಿದ್ದರು.